ಜನಸಂಖ್ಯೆ ಬಿಟ್ಟು ಕೊನೆ ಬಸ್ಸಿನ ಹಿಂದೆ ಬಿದ್ದೆ

ಚಿಕ್ಕಮಗಳೂರು ಜಿಲ್ಲೆಯ ಊರುಗಳನ್ನು ಬಸ್ಸಿನ ಲೆಕ್ಕಕ್ಕೆ ವಿಂಗಡಿಸಲು ಕೂತಾಗ ನಾನೂ ಎಲ್ಲರಂತೆ, ಊರನ್ನು ಪಟ್ಟಣ ಎನ್ನಲು ಜನಗಣತಿ ಇಟ್ಟಿರುವ ಅಳತೆಯನ್ನೇ ಹಿಡಿದೆ. ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯದಿಂದ ಹೊರಗೆ. ಕಡೂರು ಕಡೆ ಹೇಗೋ ನಡೆಯಿತು. ಅಲ್ಲಿ ಮನೆಗಳೆಲ್ಲ ಒಂದೇ ಕಡೆ. ಕೊಪ್ಪದಲ್ಲಿ ಗುಡ್ಡಕ್ಕೊಂದು ಮನೆ. 'ಬಸ್ಸಿರುವ ಗ್ರಾಮ' ಎಂದು ಬರೆದುಕೊಂಡ ಊರಲ್ಲೇ ಬಸ್ಸಿಗೆ ಮೂರು ಕಿಲೋಮೀಟರ್ ನಡಿಗೆ. ಶೃಂಗೇರಿ ಪಟ್ಟಣ ಪಂಚಾಯಿತಿಯಲ್ಲಿ 2011ರಲ್ಲಿ 5,000 ಜನವೂ ಇರಲಿಲ್ಲ. ರಜೆಯಲ್ಲಿ ಅಲ್ಲಿನ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ!

ಆಮೇಲೆ ಸರ್ವೆ. ಹುಡುಗರಿಗೆ ದಿನಗೂಲಿ, ಪೆಟ್ರೋಲು, ಜೆರಾಕ್ಸು ಸೇರಿ ಸುಮಾರು 40,000 ಕೈಬಿಟ್ಟಿತು. 'ಪೇಟೆಗೆ ಎಷ್ಟು ಸಲ ಹೋಗ್ತೀರಿ?' ಎಂದರೆ 'ಬೇಕಾದಾಗ' ಅಂತಾರೆ. ತಪ್ಪು ನಂದೇ. 'ನಿನ್ನೆ ಯಾರು ಹೋದ್ರು, ಸಂಜೆ ಹೇಗೆ ಬಂದ್ರು?' ಎಂದು ಕೇಳಬೇಕಿತ್ತು. ಹಾಗೆ ಕೇಳಿದ ಮೇಲೆ ಕೆಲಸ ಕುದುರಿತು.

ಊರಿನ ಗಾತ್ರ ಬಿಟ್ಟೆ. ವಾಪಸ್ ಬರುವ ಕೊನೆ ಬಸ್ಸಿನ ಹೊತ್ತು, ಸಂತೆ ಯಾವ ಊರಿಗೆ, ಕಾಲೇಜು ಯಾವ ಊರಿಗೆ, ಇವಿಷ್ಟೇ ಇಟ್ಟುಕೊಂಡೆ. ಜನರನ್ನು ಸೆಳೆಯುವ ಊರು, ಬಸ್ಸು ಸುಮ್ನೆ ಹಾದುಹೋಗುವ ಊರು, ಬಸ್ಸಿಗೆ ಕಾಯುವ ಊರು ಅಂತ ಮೂರು ಗುಂಪು. ನಾಲ್ಕನೆಯದೂ ಒಂದಿತ್ತು, ಗೊಂದಲವಾಗಿ ಕಿತ್ತುಹಾಕಿದೆ. ವಿದ್ಯಾರ್ಥಿಗಳ ಪಾಸಿನ ಲೆಕ್ಕ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಂತೆಗೆ ಎಷ್ಟು ತೂಕ ಕೊಟ್ಟೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ.

ನಡುವೆ ಒಂದು ಹುಚ್ಚು ಹತ್ತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅದು ಸರ್ಕಾರಿ ಬಸ್ಸಿಗೆ ಮಾತ್ರ. ಬರೀ ಖಾಸಗಿ ಬಸ್ಸು ಓಡುವ ರಸ್ತೆಯಲ್ಲೂ ಸರ್ಕಾರಿ ಬಸ್ಸಿನ ರಸ್ತೆಯಲ್ಲೂ ನಿಂತು ಹೆಂಗಸರನ್ನು ಎಣಿಸಿದೆ. ಒಂಬತ್ತು ದಿನ, ಮಳೆಯಲ್ಲಿ. ಒಂದೇ ಅಳತೆಯ ಎರಡು ಊರು ಬೇರೆ ಬೇರೆ ಗುಂಪಿಗೆ ಬಿದ್ದವು.

'ಇದೆಲ್ಲ ಕಾಗದದ ಮೇಲೆ ಚೆಂದ' ಎಂದು ನಕ್ಕಿದ್ದ ಹಿರಿಯರೊಬ್ಬರು ಕೊನೆಗೆ ಒಂದು ಕಾಯುವ ಊರಿನ ಸಂಜೆ ಟ್ರಿಪ್ಪಿನ ಹೊತ್ತನ್ನು ಮುಕ್ಕಾಲು ಗಂಟೆಯಷ್ಟು ಬದಲಾಯಿಸಿದರು. ಹದಿನೈದು ಜನ ಹತ್ತುತ್ತಿದ್ದ ಕಡೆ ಈಗ ಮೂವತ್ತರ ಹತ್ತಿರ. ಪಕ್ಕದ ತಾಲ್ಲೂಕಿನ ಪಟ್ಟಿ ಯಾವಾಗ ಕೊಡ್ತೀರಿ ಅಂತ ಅವರೇ ಫೋನ್ ಮಾಡ್ತಾರೆ.