ಒತ್ತಕ್ಷರ ಇಲ್ಲದ ಮಕ್ಕಳ ಪುಸ್ತಕ: ನನ್ನ ಅನುಭವ

ಒತ್ತಕ್ಷರವೇ ಇಲ್ಲದೆ 24 ಪುಟದ ಕಥೆ ಬರೆಯುತ್ತೇನೆ ಅಂದಾಗ ಅಮೆರಿಕದ ನ್ಯೂಜೆರ್ಸಿಯ ಭಾನುವಾರದ ಕನ್ನಡ ತರಗತಿಯ ಹಿರಿಯರೊಬ್ಬರು ಜೋರಾಗಿ ನಕ್ಕರು. "ಅಮ್ಮ ಅನ್ನೋಕೂ ಆಗಲ್ವಲ್ಲಮ್ಮ, ಇನ್ನೇನು ಕಥೆ?" ಅಂದರು. ಆ ಪುಸ್ತಕದ ಸಾವಿರ ಪ್ರತಿ ಈಗ ಖಾಲಿ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವಳು, ನ್ಯೂಜೆರ್ಸಿಗೆ ಬಂದು ಹದಿನೈದು ವರ್ಷದ ಮೇಲಾಯಿತು. ಮೊದಲ ಪುಸ್ತಕವನ್ನು ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೆ. ಮೇಲೆ ಕನ್ನಡ, ನಡುವೆ ಅದೇ ಸಾಲು ಇಂಗ್ಲಿಷ್ ಲಿಪಿಯಲ್ಲಿ, ಕೆಳಗೆ ಅರ್ಥ. ತಂದೆ ತಾಯಂದಿರು ಕೇಳುತ್ತಿದ್ದುದೂ ಅದನ್ನೇ. ಆದರೆ ಮಕ್ಕಳ ಕಣ್ಣು ನೇರ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಕನ್ನಡ ಸಾಲು ಪುಟಕ್ಕೆ ಅಲಂಕಾರ ಅಷ್ಟೇ ಆಯಿತು. ಸಾಲದ್ದಕ್ಕೆ ಪ್ರೆಸ್‌ನವರು ಫೈಲನ್ನು ಯಾವುದೋ ಹಳೇ ಸಾಫ್ಟ್‌ವೇರಿನಲ್ಲಿ ತೆರೆದಿದ್ದರು. "ಅಕ್ಕ" ಹೋಗಿ "ಅಕ್‌ಕ" ಅಂತ ಅಚ್ಚಾಗಿ ಬಂತು. ಜಗಳ ಮಾಡಿದ ಮೇಲೆ ಅರ್ಧ ದುಡ್ಡು ಬಿಟ್ಟರು. ಚಿತ್ರ, ಅಚ್ಚು, ಸಾಗಾಣಿಕೆ ಎಲ್ಲ ಸೇರಿ ಲಕ್ಷದ ಹತ್ತಿರ ಹೋಗಿತ್ತು. ವಾಪಸ್ ಬಂದದ್ದು ಕಾಲು ಭಾಗವೂ ಇರಲಿಕ್ಕಿಲ್ಲ. ಅಂದಿನಿಂದ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿಯೇ, ಅಂದರೆ ಚಿತ್ರದಂತೆ ರೇಖೆಗಳಾಗಿ ಬದಲಿಸಿಯೇ, ಪಿಡಿಎಫ್ ಕಳಿಸುತ್ತೇನೆ.

ಒತ್ತಕ್ಷರ ಬಿಡುವ ಯೋಚನೆ ಬಂದದ್ದು ತರಗತಿಯಲ್ಲಿ. ಕಾಗುಣಿತ ಮುಗಿಸಿದ ಮಕ್ಕಳು "ಕಾಗೆ", "ಮೊಸರು", "ದೋಸೆ" ಸಲೀಸಾಗಿ ಓದುತ್ತಾರೆ. ಒತ್ತು ಕಂಡರೆ ನಿಂತುಬಿಡುತ್ತಾರೆ. ಊರಿನಲ್ಲಾದರೆ ಮುಂದಿನ ತಿಂಗಳು ಕಲಿತುಕೊಳ್ಳುತ್ತವೆ. ಇಲ್ಲಿ ವಾರಕ್ಕೆ ಒಂದೂವರೆ ಗಂಟೆ ಪಾಠ, ನಡುವೆ ಬೇಸಿಗೆ ರಜೆ, ಸಾಕರ್, ಈಜು. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಅರ್ಧ ಮಕ್ಕಳು ತರಗತಿಯನ್ನೇ ಬಿಟ್ಟಿರುತ್ತಾರೆ. ಅಷ್ಟರೊಳಗೆ ಒಂದು ಇಡೀ ಪುಸ್ತಕವನ್ನು ತಾವೇ ಓದಿ ಮುಗಿಸಬೇಕು ಅನ್ನುವುದು ನನ್ನ ಹಟ.

ಬರೆಯಲು ಕೂತಾಗ ಗೊತ್ತಾಯಿತು ಕಷ್ಟ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಹೊರಗೆ. ಉಳಿಯುವವರು ತಾತ, ಮಾವ, ಭಾವ, ತಂಗಿಯಂಥ ನಾಲ್ಕೈದು ಜನ. ಬೆಕ್ಕು ಬರುವ ಹಾಗಿಲ್ಲ, ನಾಯಿ ಬರಬಹುದು. ಅನ್ನ, ಉಪ್ಪು, ಬೆಲ್ಲ, ಇಡ್ಲಿ ಕಟ್. ವಡೆ, ಸಾರು, ರಾಗಿ ಉಂಟು. ಲೆಕ್ಕ ಮಾಡಿಸೋಣ ಅಂದರೆ ಮೂರರವರೆಗೆ ಸರಿ, ನಾಲ್ಕಕ್ಕೆ ಒತ್ತು. "ಕನ್ನಡ" ಅನ್ನುವ ಮಾತಿಗೇ ಒಳಗೆ ಜಾಗ ಇಲ್ಲ! ಕ್ರಿಯಾಪದದಲ್ಲಿ ಬಂದ, ತಂದ, ತಿಂದ, ನಿಂತ ನಡೆಯುತ್ತವೆ, ಸೊನ್ನೆಯೇ ಕಾಪಾಡುವುದು. ಇದ್ದ, ಎದ್ದ, ಬಿದ್ದ, ಕೊಟ್ಟ ನಡೆಯುವುದಿಲ್ಲ. ಮಕ್ಕಳ ಕಥೆಯಲ್ಲಿ ಯಾರೂ ಬೀಳದಿದ್ದರೆ ಹೇಗೆ? ಬಹಳ ದಿನ ಅಲ್ಲೇ ಸಿಕ್ಕಿಕೊಂಡಿದ್ದೆ. ಆಮೇಲೆ "ಜಾರಿದ" ಹೊಳೆಯಿತು. ಜಾರಬೇಕಾದರೆ ನೆಲದ ಮೇಲೆ ಏನಾದರೂ ಇರಬೇಕಲ್ಲ, ಹಿಮ ಬಂತು. ಹಿಮಕ್ಕೆ ಒತ್ತಿಲ್ಲ. ಕಥೆ ಹಾಗೇ ಕೂತಿತು:

ಮಾವ ಬಂದ.
ಕೊಡೆ ತಂದ.
ಮಳೆ ಎಂದ.
ಬಂತು ಹಿಮ!

ಜನವರಿಯಲ್ಲಿ ಊರಿನಿಂದ ಕೊಡೆ ಹಿಡಿದು ಬಂದಿಳಿಯುವ ಮಾವ ಇಲ್ಲಿ ಎಲ್ಲರ ಮನೆಯಲ್ಲೂ ಒಬ್ಬರಿದ್ದಾರೆ. "ಮಾವನಿಗೆ ಏಕವಚನವಾ?" ಅಂತ ಕೆಲವರು ತಕರಾರು ತೆಗೆದರು. "ಬಂದರು, ತಂದರು" ಅಂದರೂ ಒತ್ತು ಬರುವುದಿಲ್ಲ. ಆದರೆ ಕುಣಿತ ಹೋಗುತ್ತದೆ, ಹಾಗಾಗಿ ಬದಲಾಯಿಸಲಿಲ್ಲ. "ಇಲ್ಲ" ಅನ್ನುವ ಮಾತನ್ನೇ ಬಳಸದೆ ಇಲ್ಲ ಅನ್ನಿಸುವುದು ಹೇಗೆ ಅಂತ ಒಬ್ಬ ಲೇಖಕರು ಫೋನ್ ಮಾಡಿ ಕೇಳಿದರು. ಉಪಾಯ ಇದೆ, ಹೇಳುವುದಿಲ್ಲ. ಪುಸ್ತಕ ಎಲ್ಲಾದರೂ ಸಿಕ್ಕರೆ ನೋಡಿ.

ನಿರೀಕ್ಷೆಯೇ ಮಾಡದ ಲಾಭ ಒಂದು ಸಿಕ್ಕಿತು. 30 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಮೊದಲು 48ರ ಸಾಲಿನ ಅಂತರ ಇಡುತ್ತಿದ್ದೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಒತ್ತೇ ಇಲ್ಲ ಅಂದಮೇಲೆ 38-40 ಸಾಕಾಯಿತು. ಚಿತ್ರಕ್ಕೆ ಜಾಗ ಜಾಸ್ತಿ. ಫಾಂಟಿನ ಹೆಸರು "ಬಾಲೂ ತಮ್ಮ", ದುಂಡಗಿದೆ, ಉಚಿತ.

ನಡುವೆ ಸುಮ್ನೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಗುಣಿತ ಚಿಹ್ನೆಗಳಿಗೆ ಕೆಂಪು ಬಣ್ಣ ಕೊಟ್ಟು ಮಾದರಿ ಪುಟ ತೆಗೆಸಿದೆ. ಮಕ್ಕಳು ಕೊಂಬನ್ನು ಬೇರೆಯದೇ ಅಕ್ಷರ ಅಂದುಕೊಂಡು ತಡವರಿಸಿದರು, ಅಲ್ಲಿಗೇ ಕೈಬಿಟ್ಟೆ. ಇನ್ನೊಂದು, ಹಿಂದಿನ ರಕ್ಷಾಪುಟದಲ್ಲಿ ಕ್ಯೂಆರ್ ಕೋಡ್. ಸ್ಟುಡಿಯೋಗೆ ದುಡ್ಡಿರಲಿಲ್ಲ, ನಮ್ಮಮ್ಮ ಹಾಸನದ ಮನೆಯಲ್ಲೇ ಓದಿ ವಾಟ್ಸಾಪ್‌ನಲ್ಲಿ ಕಳಿಸಿದರು. "ಮಳೆ ಎಂದ" ಅನ್ನುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಸೀಟಿ ಹೊಡೆಯಿತು. ತೆಗೆಯೋಣ ಅಂತಿದ್ದೆ. ಮಕ್ಕಳು ಆ ಸೀಟಿಗೋಸ್ಕರವೇ ಮತ್ತೆ ಮತ್ತೆ ಹಾಕಿ ಕೇಳಿದರು. ಈಗಲೂ ಇದೆ.

ದುಡ್ಡಿನ ವಿಷಯ. ಅಮೆರಿಕದಲ್ಲೇ ಬೇಡಿಕೆಗೆ ತಕ್ಕಂತೆ ಒಂದೊಂದೇ ಪ್ರತಿ ಅಚ್ಚು ಮಾಡಿಸಿದರೆ ಬಣ್ಣದ ಪುಸ್ತಕ ಮೂರೂವರೆ-ನಾಲ್ಕು ಡಾಲರ್ ಬೀಳುತ್ತಿತ್ತು. ಅಂಥ ಒಂದು ಕಡೆ ಭಾಷೆ ಆರಿಸುವ ಪಟ್ಟಿಯಲ್ಲಿ ಕನ್ನಡವೇ ಇರಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಸಾವಿರ ಪ್ರತಿ ಒಟ್ಟಿಗೆ ಆಫ್‌ಸೆಟ್ ಮಾಡಿಸಿದೆ. 16 ಪುಟದ ಒಂದು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಟ್ಟು), 8ರ ಅರ್ಧ ಫಾರಂ, 170 ಜಿಎಸ್‌ಎಂ ದಪ್ಪದ ಹೊಳಪಿಲ್ಲದ ಕಾಗದ, ನಡುಮಡಿಕೆಗೆ ಪಿನ್. ಸಾವಿರ ಪ್ರತಿಗೆ ತಲಾ 55-60 ರೂಪಾಯಿ. ಯಾವ ಪ್ರೆಸ್ ಅಂತ ಕೇಳಬೇಡಿ, ಈಗಲೇ ಅವರಿಗೆ ಕೈತುಂಬ ಕೆಲಸ. ಚಿತ್ರಕಾರ್ತಿಗೆ 40 ಸಾವಿರದ ಆಸುಪಾಸು. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ; ಭಾರತದಲ್ಲಿ ಉಚಿತ, ಅಮೆರಿಕದಲ್ಲಿ ಆಗ ಒಂದಕ್ಕೆ 125 ಡಾಲರ್, ಹತ್ತರ ಕಟ್ಟಿಗೆ 295 ಇತ್ತು. ನಾನು ಹತ್ತು ತೆಗೆದುಕೊಂಡೆ. ಒಟ್ಟು ತೂಕ ನೂರು ಕೆ.ಜಿ. ದಾಟಿತು. ಒಂದಷ್ಟು ಬಂಧುಗಳ ಸೂಟ್‌ಕೇಸಿನಲ್ಲಿ, ಮಿಕ್ಕಿದ್ದು ಹಡಗಿನಲ್ಲಿ ಬಂತು. ಬೆಲೆ 8 ಡಾಲರ್. ಪುಸ್ತಕಗಳಿಗೆ ಇಲ್ಲಿನ ಅಂಚೆಯವರು ಕೊಡುವ ಅಗ್ಗದ ದರ, ಮೀಡಿಯಾ ಮೇಲ್, ಅದರಲ್ಲಿ ಹಾಕಿದರೂ ಆಗ ನಾಲ್ಕು ಡಾಲರ್ ಚಿಲ್ಲರೆ ಆಗುತ್ತಿತ್ತು, ಹಾಗಾಗಿ ಒಂದೇ ಪುಸ್ತಕ ಕೇಳುವವರಿಗೆ ಎರಡು ಕೊಳ್ಳಿ ಅನ್ನುತ್ತಿದ್ದೆ.

ಇಂಗ್ಲಿಷಿನಲ್ಲಿ ಬರೆ, ಇಲ್ಲಿನ ಪ್ರಕಾಶಕರೇ ಹಾಕುತ್ತಾರೆ ಅಂದವರು ಬಹಳ. ಅದು ಆಗದ ಮಾತೇನಲ್ಲ. ಕಲ್ಕತ್ತೆಯ ಕಡೆಯಿಂದ 1910ರಲ್ಲಿ ಅಮೆರಿಕಕ್ಕೆ ಬಂದ ಧನ್ ಗೋಪಾಲ್ ಮುಖರ್ಜಿ ಪಾರಿವಾಳದ ಕಥೆ ಬರೆದು 1928ರಲ್ಲೇ ಅಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಪಡೆದರು. ಅವರು ಬರೆದದ್ದು ಇಂಗ್ಲಿಷ್ ಓದುವ ಮಕ್ಕಳಿಗೆ. ನನಗೆ ಬೇಕಾದದ್ದು ಇಂಗ್ಲಿಷ್ ಓದಿ ಓದಿ ಕನ್ನಡದ ಮುಂದೆ ಬಾಯಿ ಮುಚ್ಚಿಕೊಂಡಿರುವ ಮಕ್ಕಳು.

ಯುಗಾದಿ ಕಾರ್ಯಕ್ರಮದಲ್ಲಿ ಮೇಜು ಹಾಕಿದ್ದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ಪುಸ್ತಕ ತೆರೆದು ಬೆರಳಿಟ್ಟು ಓದತೊಡಗಿದಳು. "ಹಿ...ಮ. ಸ್ನೋ ಅಲ್ವಾ?" ಅಂತ ನನ್ನ ಮುಖ ನೋಡಿದಳು. ಕೊನೇ ಪುಟದವರೆಗೆ ಎಲ್ಲೂ ನಿಲ್ಲಲಿಲ್ಲ. ಊಟದ ಸಾಲಿನಲ್ಲಿದ್ದ ಅವರಪ್ಪ ತಟ್ಟೆ ಹಿಡಿದೇ ಓಡಿ ಬಂದು ಮೂರು ಪ್ರತಿ ಕೊಂಡರು. ಅವತ್ತು ತಂದಿದ್ದ ಡಬ್ಬ ಮಧ್ಯಾಹ್ನಕ್ಕೇ ಖಾಲಿ. ನಕ್ಕಿದ್ದ ಹಿರಿಯರು ಈಗ ತರಗತಿಗೆ ಇಪ್ಪತ್ತೈದು ಪ್ರತಿ ತರಿಸಿಕೊಂಡಿದ್ದಾರೆ, ರಿಯಾಯಿತಿ ಕೇಳಿದರು, ಕೊಡಲಿಲ್ಲ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳ ಮನೆಗಳಿಂದಲೂ ಬೇಡಿಕೆ ಬಂತು. ಅದನ್ನು ನಾನು ಎಣಿಸಿರಲೇ ಇಲ್ಲ.

ಎಲ್ಲ ಖರ್ಚು ಕಳೆದು ಕೈಗೆ ಉಳಿದದ್ದು ಎರಡು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ. ಅದನ್ನೇ ಮುಂದಿನ ಪುಸ್ತಕಕ್ಕೆ ಹಾಕಿದ್ದೇನೆ. ಅದರಲ್ಲಿ ಸಜಾತಿ ಒತ್ತು ಮಾತ್ರ, ಅಂದರೆ ಅಕ್ಷರಕ್ಕೆ ಅದರದೇ ಒತ್ತು, ಹಾಗಾಗಿ ಅಮ್ಮ, ಅಪ್ಪ, ಅಜ್ಜಿ, ಬೆಕ್ಕು ಎಲ್ಲರೂ ಒಟ್ಟಿಗೇ ಮಾವನ ಮನೆಗೆ ಬಂದಿಳಿಯುತ್ತಾರೆ. ಪಾತ್ರ ಜಾಸ್ತಿ ಅಂತ ಚಿತ್ರಕಾರ್ತಿ ಪುಟಕ್ಕೆ ಮುನ್ನೂರು ರೂಪಾಯಿ ಏರಿಸಿದ್ದಾರೆ. ಚೌಕಾಸಿ ನಡೆಯುತ್ತಿದೆ.