ಮುಂದಿನ ಸೀಟು, ಏರ್‌ಬ್ಯಾಗ್ ಮತ್ತು ಮಗು: ಕಾರು ಹೊರಡುವ ಮೊದಲು ಮಾಡಬೇಕಾದ್ದು

2024ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಒಂದು ಕಾರು ಅಪಘಾತವಾಯಿತು. ಮುಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲಿದ್ದ ಎರಡು ವರ್ಷದ ಮಗು ತೀರಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ನವಿ ಮುಂಬೈಯ ವಾಶಿಯಲ್ಲಿ ಮುಂದೆ ಕೂತಿದ್ದ ಆರು ವರ್ಷದ ಹುಡುಗನಿಗೂ ಹಾಗೇ ಆಯಿತು. ಎರಡೂ ಕಡೆ ಏರ್‌ಬ್ಯಾಗ್ ಬಿಚ್ಚಿಕೊಂಡಿತ್ತು, ದೊಡ್ಡವರು ಬದುಕಿದರು.

ಏರ್‌ಬ್ಯಾಗ್ ಮೆತ್ತನೆಯ ದಿಂಬು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಪೂರ್ತಿ ಉಬ್ಬಿದ ಮೇಲೆ ಅದು ದಿಂಬೇ. ಉಬ್ಬುವಾಗ ಮಾತ್ರ ಅಲ್ಲ. ಡಿಕ್ಕಿಯಾದ ಕೂಡಲೇ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದೊಳಗೆ, ಗಂಟೆಗೆ 200-300 ಕಿ.ಮೀ. ವೇಗದಲ್ಲಿ ಅದು ಡ್ಯಾಶ್‌ಬೋರ್ಡ್ ಸೀಳಿಕೊಂಡು ಬರುತ್ತದೆ. ಬೆಲ್ಟ್ ಹಾಕಿ ಹಿಂದಕ್ಕೆ ಒರಗಿ ಕೂತ ದೊಡ್ಡವರ ಎದೆ ಅದಕ್ಕೆ ತಾಗುವ ಹೊತ್ತಿಗೆ ಚೀಲ ಉಬ್ಬಿ, ಗಾಳಿ ಬಿಡಲು ಶುರುಮಾಡಿರುತ್ತದೆ. ತೊಡೆಯ ಮೇಲಿನ ಮಗುವಾದರೆ ಡ್ಯಾಶ್‌ಬೋರ್ಡಿಗೆ ತೀರಾ ಹತ್ತಿರ. ಚೀಲ ಇನ್ನೂ ನುಗ್ಗಿ ಬರುತ್ತಿರುವಾಗಲೇ ತಲೆಗೆ, ಕುತ್ತಿಗೆಗೆ ಬಡಿಯುತ್ತದೆ.

“ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಬಿಡು” ಅನ್ನುವ ಅಜ್ಜಿಯರಿಗೆ ಒಂದು ಲೆಕ್ಕ ಹೇಳಿ. 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ.ಯ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾರ ಕೈಯಲ್ಲೂ ಅಷ್ಟು ಇರುವುದಿಲ್ಲ.

ಮೊದಲು ನಿಮ್ಮ ಕಾರನ್ನು ನೋಡಿ

ಎಡಗಡೆ ಏರ್‌ಬ್ಯಾಗ್ ಇದೆಯೇ? ಗ್ಲೋವ್ ಬಾಕ್ಸ್ ಮೇಲಿನ ಭಾಗದಲ್ಲಿ ಏರ್‌ಬ್ಯಾಗ್ ಅಂತ ಅಚ್ಚು ಇರುತ್ತದೆ. 2022ರಿಂದ ಈಚೆಗೆ ತಯಾರಾದ ಕಾರುಗಳಲ್ಲಿ ಇದ್ದೇ ಇರುತ್ತದೆ, ಅದಕ್ಕೂ ಹಳೆಯ ಕೆಲವು ಕಾರುಗಳಲ್ಲಿ ಇರಲಿಕ್ಕಿಲ್ಲ. ಸನ್ ವೈಸರ್ ಕೆಳಕ್ಕೆ ಎಳೆದರೆ ಮಗುವಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಎಚ್ಚರಿಕೆಯ ಸ್ಟಿಕ್ಕರ್ ಕಾಣುತ್ತದೆ. ಅಂದ ಕೆಡುತ್ತೆ ಅಂತ ಕಿತ್ತುಹಾಕಬೇಡಿ.

ಆಮೇಲೆ ಇಗ್ನಿಷನ್ ಆನ್ ಮಾಡಿ. ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದಿದ್ದರೆ ವ್ಯವಸ್ಥೆಯಲ್ಲಿ ದೋಷವಿದೆ, ಸರ್ವಿಸ್ ಸೆಂಟರಿಗೆ ಹೋಗಿ.

ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯ ಬಗ್ಗೆಯೂ ಒಂದು ಮಾತು. ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಿದ ವಿಗ್ರಹ, ಸೆಂಟ್ ಬಾಟಲಿ, ಮೊಬೈಲ್ ಸ್ಟ್ಯಾಂಡ್, ಎಲ್ಲವೂ ಚೀಲದ ಜೊತೆ ಮುಖಕ್ಕೇ ಹಾರುತ್ತವೆ. ದೇವರನ್ನು ಮುಚ್ಚಳ ಬಿಟ್ಟು ಬೇರೆ ಕಡೆ ಕೂರಿಸಿ.

ಮಗುವಿನ ಜಾಗ ಹಿಂದೆ

ಸುಮಾರು ಹದಿಮೂರು ವರ್ಷದವರೆಗೂ ಹಿಂದಿನ ಸೀಟೇ ಸರಿ. ಮಕ್ಕಳು ಹಟ ಮಾಡುತ್ತವೆ, ನಿಜ. ಆದರೆ ಒಂದು ದಿನ ಬಿಟ್ಟುಕೊಟ್ಟರೆ ದಿನಾ ಬಿಟ್ಟುಕೊಡಬೇಕಾಗುತ್ತದೆ, ಅಲ್ವಾ? ಕಾನೂನೂ ಸುಮ್ಮನಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಚೈಲ್ಡ್ ಸೀಟ್ (ಕಾರಿನ ಸೀಟಿನ ಮೇಲೆ ಬಿಗಿಯುವ, ಮಕ್ಕಳಿಗೆಂದೇ ಮಾಡಿದ ಸೀಟು) ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 1,000 ರೂಪಾಯಿ ದಂಡ.

ಕೂಸುಗಳಿಗೆ ಹಿಂಬದಿಗೆ ಮುಖ ಮಾಡಿದ ಸೀಟು ಬೇಕು. ಎಳೆ ಮಗುವಿನ ತಲೆ ಮೈಗೆ ಹೋಲಿಸಿದರೆ ತುಂಬಾ ಭಾರ, ಕುತ್ತಿಗೆ ಬಲಿತಿರುವುದಿಲ್ಲ. ಹಿಂಬದಿಗೆ ಮುಖ ಮಾಡಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಯುರೋಪಿನ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹೀಗೇ ಕೂರಿಸಬೇಕು ಅನ್ನುತ್ತದೆ. ಸೀಟಿನ ಮಿತಿ ದಾಟುವವರೆಗೂ ಹಾಗೇ ಮುಂದುವರಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಮುಂದಕ್ಕೆ ಮುಖ ಮಾಡಿದ ಸೀಟು, ಅದಾದ ಮೇಲೆ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಹಾಯುವಂತೆ ಮಗುವನ್ನು ಎತ್ತರಿಸುವ ಸೀಟು.

ಚೈಲ್ಡ್ ಸೀಟನ್ನು ಕಾರಿನಲ್ಲಿ ಕೂರಿಸುವುದು ಕಷ್ಟದ ಕೆಲಸವೇನಲ್ಲ. ಹಿಂದಿನ ಸೀಟಿನ ಬೆನ್ನು ಮತ್ತು ಕುಶನ್ ಸೇರುವ ಸಂದಿಯಲ್ಲಿ ಬೆರಳಾಡಿಸಿದರೆ, ತೀರಾ ಹಳೆಯ ಕಾರಲ್ಲದಿದ್ದರೆ, ಚೈಲ್ಡ್ ಸೀಟು ಸಿಕ್ಕಿಸಲೆಂದೇ ಇರುವ ಐಸೋಫಿಕ್ಸ್ ಕೊಂಡಿಗಳು ಸಿಗುತ್ತವೆ. ಚೈಲ್ಡ್ ಸೀಟಿನ ಎರಡೂ ತೋಳುಗಳನ್ನು ಟಕ್ ಅನ್ನುವವರೆಗೆ ತಳ್ಳಿ. ಹೆಚ್ಚಿನವುಗಳಲ್ಲಿ ಹಸಿರು ಗುರುತು ಕಾಣುತ್ತದೆ. ಮೇಲಿನ ಪಟ್ಟಿ ಅಥವಾ ನೆಲಕ್ಕೆ ಊರುವ ಕಾಲು ಇದ್ದರೆ ಅದನ್ನೂ ಕಟ್ಟಿ, ಊರಿ. ಕೊಂಡಿಯ ಹತ್ತಿರ ಸೀಟನ್ನು ಹಿಡಿದು ಅಲ್ಲಾಡಿಸಿ; ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರದು. ಮಗುವಿನ ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಬಿಗಿ ಮಾಡಬೇಕು. ದಪ್ಪ ಸ್ವೆಟರ್ ತೆಗೆದೇ ಕಟ್ಟಿ.

ಬೂಸ್ಟರ್ ಯಾವಾಗ ಬಿಡಿಸಬೇಕು? ವಯಸ್ಸಿಗಿಂತ ಎತ್ತರ ಮುಖ್ಯ. ಬೆನ್ನು ಪೂರ್ತಿ ಒರಗಿದಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚಬೇಕು. ಕೆಳಗಿನ ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು. ಮೇಲಿನದು ಕುತ್ತಿಗೆಗೆ ತಾಗದೆ ಭುಜದ ನಡುವೆ ಹಾಯಬೇಕು. ಸುಮಾರು 135ರಿಂದ 150 ಸೆಂ.ಮೀ. ಎತ್ತರಕ್ಕೆ ಬಂದಾಗ ಹೀಗಾಗುತ್ತದೆ.

ಮುಂದೆ ಕೂರಿಸಲೇಬೇಕಾದರೆ

ಎರಡೇ ಸೀಟಿನ ಗೂಡ್ಸ್ ಗಾಡಿ, ಹಿಂದೆ ಆಗಲೇ ಮೂರು ಮಕ್ಕಳು, ಇಂಥ ಸಂದರ್ಭ ಬರುತ್ತದೆ. ಹಿಂಬದಿಗೆ ಮುಖ ಮಾಡಿದ ಸೀಟನ್ನು ಮುಂದೆ ಇಡಬೇಕಾದರೆ ಏರ್‌ಬ್ಯಾಗ್ ಆಫ್ ಆಗಿರಲೇಬೇಕು. ಇದಕ್ಕೆ ರಿಯಾಯಿತಿ ಇಲ್ಲ. ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಎಡ ಪಕ್ಕದಲ್ಲೋ ಗ್ಲೋವ್ ಬಾಕ್ಸಿನೊಳಗೋ ಕೀ ಹಾಕಿ ತಿರುಗಿಸುವ ಸ್ವಿಚ್ ಇರುತ್ತದೆ. ತಿರುಗಿಸಿ, ‘ಏರ್‌ಬ್ಯಾಗ್ ಆಫ್’ ದೀಪ ಉರಿಯುತ್ತಿದೆಯೇ ನೋಡಿ. ಸ್ವಿಚ್ಚೇ ಇಲ್ಲದ ಕಾರಿನಲ್ಲಿ ಆ ಸೀಟು ಮುಂದೆ ಬೇಡವೇ ಬೇಡ. ಫ್ಯೂಸ್ ಕಿತ್ತರಾಯಿತು ಅನ್ನುವ ಮೆಕ್ಯಾನಿಕ್ ಮಾತು ಕೇಳಬೇಡಿ.

ಮುಂದಕ್ಕೆ ಮುಖ ಮಾಡಿ ಕೂರುವ ದೊಡ್ಡ ಮಗುವಾದರೆ ಸೀಟನ್ನು ಎಷ್ಟಾಗುತ್ತೋ ಅಷ್ಟು ಹಿಂದಕ್ಕೆ ಸರಿಸಿ. ಡ್ಯಾಶ್‌ಬೋರ್ಡ್ ಮೇಲೆ ಕಾಲಿಡಲು, ಮುಂದಕ್ಕೆ ಬಾಗಿ ಹಾಡು ಬದಲಿಸಲು ಬಿಡಬೇಡಿ. ಒಂದೇ ಬೆಲ್ಟಿನೊಳಗೆ ನೀವೂ ಮಗುವೂ ಸೇರಿಕೊಳ್ಳುವುದಂತೂ ತೊಡೆ ಮೇಲೆ ಕೂರಿಸಿದ್ದಕ್ಕಿಂತ ಕೆಟ್ಟದ್ದು. ಡಿಕ್ಕಿಯಾದಾಗ ನಿಮ್ಮ ಭಾರವೆಲ್ಲ ಮಗುವಿನ ಮೇಲೇ.

ಮಗು ಇಳಿದು ದೊಡ್ಡವರು ಆ ಜಾಗಕ್ಕೆ ಬಂದರೆ ಸ್ವಿಚ್ ಮತ್ತೆ ಆನ್ ಮಾಡಿ. ತುಂಬಾ ಜನ ಮರೆಯುವುದು ಇದನ್ನೇ.

ಸೆಕೆಂಡ್ ಹ್ಯಾಂಡ್ ತೊಗೊಳ್ಳುವವರಿಗೆ

ಚೈಲ್ಡ್ ಸೀಟು ದುಬಾರಿ, ಹಾಗಾಗಿ ನೆಂಟರ ಹಳೆಯದನ್ನು ತೊಗೊಳ್ಳುವುದು ಸಹಜ. ಅದು ಯಾವುದಾದರೂ ಅಪಘಾತದಲ್ಲಿ ಇತ್ತೇ ಅಂತ ಕೇಳಿ. ಇದ್ದಿದ್ದರೆ ಹೊರಗೆ ಏನೂ ಕಾಣದಿದ್ದರೂ ಬೇಡ. ಕೆಳಗಡೆ ಅಚ್ಚಾದ ತಯಾರಿಕೆಯ ತಾರೀಖು, ಬಳಕೆಯ ಅವಧಿ ನೋಡಿ. ಹಳೆ ಕಾರು ಕೊಳ್ಳುವಾಗ, ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಬದಲಿಸಿದ್ದಾರೋ ಅಥವಾ ಬರೀ ಮುಚ್ಚಳ ಹಾಕಿ ಕೂರಿಸಿದ್ದಾರೋ ಅನ್ನುವುದನ್ನು ಸರ್ವಿಸ್ ದಾಖಲೆ ತರಿಸಿಯೇ ತಿಳಿದುಕೊಳ್ಳಿ.