ಬೇರೆ ನಾಯಿ ಕಂಡರೆ ಕುಣಿಯುವ ಮರಿಗೆ ನಾನು ಕಲಿಸಿದ ರೀತಿ

ಕೆಂಚ ಜಗಳಗಂಟನಲ್ಲ. ಆಲ್ದೂರಿನ ಹತ್ತಿರ ನಮ್ಮ ಭಾವನ ಕಾಫಿ ತೋಟದ ಲೈನಿನಲ್ಲಿ (ಕೆಲಸದವರ ಮನೆಗಳ ಸಾಲು) ಹುಟ್ಟಿದ ನಾಟಿ ಮರಿ. ಮನೆಗೆ ಬಂದವರನ್ನೆಲ್ಲ ನೆಕ್ಕುತ್ತಾನೆ. ಆದರೆ ಆರೇಳು ತಿಂಗಳಾದ ಮೇಲೆ ಬೀದಿಯಲ್ಲಿ ಇನ್ನೊಂದು ನಾಯಿ ಕಂಡರೆ ಸಾಕು, ಹಿಂಗಾಲ ಮೇಲೆ ನಿಂತು ಎಳೆದಾಡಿ ಕಿರುಚುತ್ತಿದ್ದ. ನೋಡಿದವರು ಇದು ಕಚ್ಚೋ ನಾಯಿ ಅಂದುಕೊಳ್ಳುತ್ತಿದ್ದರು. ಅವನಿಗೆ ಬೇಕಾಗಿದ್ದು ಆಟ, ಅಷ್ಟೇ. ಹಗ್ಗ ಬಿಗಿದಷ್ಟೂ ಆ ಆಸೆಯೇ ಸಿಟ್ಟಾಗುತ್ತದೆ.

ಆ ಹೊತ್ತಿನಲ್ಲಿ ಸುಮ್ನೆ ‘ಸಿಟ್’, ‘ನೋ’ ಅಂತ ಕೂಗಿ ಪ್ರಯೋಜನವಿಲ್ಲ. ಬೇಯಿಸಿದ ಕೋಳಿ ಲಿವರನ್ನು ಮೂಗಿಗೆ ಹಿಡಿದರೂ ತಿನ್ನುತ್ತಿಲ್ಲ ಅಂದರೆ ನಾವು ತೀರಾ ಹತ್ತಿರ ಬಂದಿದ್ದೇವೆ ಅಂತ ಅರ್ಥ. ನನ್ನ ಅಳತೆಗೋಲು ಅದೊಂದೇ. ತಿನ್ನಲಿಲ್ಲವಾ, ಹಿಂದೆ ಹೋಗು. ತಿಂದನಾ, ಅಲ್ಲೇ ನಿಲ್ಲು.

ಹಾಗಾಗಿ ಮೊದಲು ಹುಡುಕಿದ್ದು ದೂರ ಸಿಗುವ ಜಾಗವನ್ನು. ಚಿಕ್ಕಮಗಳೂರಿನ ಪೇಟೆ ಬೀದಿಗಳಲ್ಲಿ ಇದು ಕಷ್ಟ, ತಿರುವು ತಿರುವಿಗೂ ನಾಯಿ. ಬೆಳಿಗ್ಗೆ ಬೇಗ ಆಟದ ಮೈದಾನದ ಒಂದು ಮೂಲೆಗೆ ಹೋಗಿ ನಿಲ್ಲುತ್ತಿದ್ದೆವು. ಆ ತುದಿಯಲ್ಲಿ ಯಾರೋ ನಾಯಿ ಕರೆದುಕೊಂಡು ಸುತ್ತು ಹಾಕುತ್ತಿರುತ್ತಾರೆ. ಕೆಂಚನ ಕಿವಿ ಮುಂದಕ್ಕೆ ಬರುತ್ತದೆ, ತೆರೆದ ಬಾಯಿ ಮುಚ್ಚುತ್ತದೆ, ಬಾಲ ಸೆಟೆಯುತ್ತದೆ. ಬೊಗಳುವ ಮುಂಚಿನ ಆ ಒಂದು ಕ್ಷಣದಲ್ಲೇ ‘ಭೇಷ್’ ಅಂದು ಬಾಯಿಗೆ ಚೂರು ಹಾಕಬೇಕು. ತಡವಾದರೆ ಬೊಗಳಿದ್ದಕ್ಕೆ ತಿಂಡಿ ಕೊಟ್ಟಂತಾಗುತ್ತದೆ ಅಂತ ಕೆಲವರು ಹೆದರುತ್ತಾರೆ. ನಾನು ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಇನ್ನಷ್ಟು ಹಿಂದೆ ಸರಿಯುತ್ತಿದ್ದೆ. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅವನೇ ದೂರದ ನಾಯಿಯನ್ನು ನೋಡಿ, ಕತ್ತು ತಿರುಗಿಸಿ ನನ್ನ ಮುಖ ನೋಡಿದ. ‘ಅಲ್ಲಿ ನಾಯಿ ಇದೆ, ನನ್ನದೆಲ್ಲಿ?’ ಅನ್ನೋ ಥರ. ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು.

ಚೂರುಗಳು ಬಟಾಣಿ ಕಾಳಿನಷ್ಟಿದ್ದರೆ ಸಾಕು. ಉಪ್ಪು, ಮಸಾಲೆ ಬೇಡ, ಈರುಳ್ಳಿಯಂತೂ ನಾಯಿಗೆ ವಿಷ. ಚೂರು ಎಷ್ಟು ಕೊಟ್ಟಿರೋ ಅಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡಿ. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ತಂದೆ, ಎಳೆದರೂ ಉಸಿರು ಕಟ್ಟುವುದಿಲ್ಲ.

ಬೀದಿನಾಯಿಗಳ ಕತೆ ಬೇರೆ. ನಾವು ದೂರ ಇಟ್ಟರೂ ಅವು ಹತ್ತಿರ ಬರುತ್ತವೆ. ಅದಕ್ಕೇ ರೇಬಿಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಮುಗಿಯದೆ ಬೀದಿಗೆ ಇಳಿಸಲೇಬಾರದು. ಎದುರು ಬಂದರೆ ನಾನು ಓಡುವುದಿಲ್ಲ, ನೇರವಾಗಿಯೂ ನಡೆಯುವುದಿಲ್ಲ. ಪರಿಚಯವಿಲ್ಲದ ನಾಯಿಗಳು ತಾವಾಗಿಯೇ ಭೇಟಿಯಾದರೆ ಸ್ವಲ್ಪ ಬಳಸಿಕೊಂಡೇ ಬರುತ್ತವೆ, ಮೂಗಿಗೆ ಮೂಗು ಕೊಟ್ಟು ನೇರ ಬರುವುದು ಒರಟುತನ. ನಾವೂ ಹಾಗೇ ಓರೆಯಾಗಿ ದಾಟುತ್ತೇವೆ. ಬೆನ್ನು ಬಿದ್ದರೆ ಜೇಬಿನಲ್ಲಿರುವ ಬಿಸ್ಕೆಟ್ ಪುಡಿಯನ್ನು ಅದರ ಮುಂದೆ ನೆಲಕ್ಕೆ ಎರಚುತ್ತೇನೆ. ಅದು ಮೂಸಿ ತಿನ್ನುವಷ್ಟರಲ್ಲಿ ನಾವು ಆಚೆ.

ಬೀದಿನಾಯಿಗಿಂತ ಕಷ್ಟ ಒಳ್ಳೆಯ ಮನಸ್ಸಿನ ನೆರೆಹೊರೆಯವರದ್ದು. “ಬಿಡ್ರೀ, ಒಂದ್ಸಲ ಮೂಸಿಕೊಳ್ಳಲಿ, ಸರಿಹೋಗುತ್ತೆ” ಅಂತ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಎಳೆದುಕೊಂಡೇ ಬರುತ್ತಾರೆ. “ಇವತ್ತು ಬೇಡ ಸಾರ್, ಇನ್ನೂ ಕಲೀತಿದ್ದಾನೆ” ಅಂದು ತಿರುಗಿಬಿಡುವುದು. ಕಂಡ ನಾಯಿಯನ್ನೆಲ್ಲ ಮಾತಾಡಿಸಬಹುದು ಅಂತ ಗೊತ್ತಾದರೆ ಮರಿ ಪ್ರತಿ ಸಲವೂ ಅದನ್ನೇ ಕೇಳುತ್ತದೆ, ಅಲ್ವಾ?

ಮಳೆಗಾಲದಲ್ಲಿ ಎಲ್ಲ ಕೆಟ್ಟಿತು. ಜುಲೈನಲ್ಲಿ ಹೊರಗೆ ಹೋಗೋದೇ ಕಡಿಮೆ, ಅವನ ಮೈಯೊಳಗೆ ಪಟಾಕಿ. ತೋಟದಿಂದ ಹಳೇ ಕಾಫಿ ಗೋಣಿಚೀಲ ತಂದು ಸುರುಳಿ ಸುತ್ತಿ, ಮಡಿಕೆಗಳಲ್ಲಿ ಅವನ ಊಟದ ಕಾಳುಗಳನ್ನು ಹುದುಗಿಸಿ ಜಗಲಿಯಲ್ಲಿ ಇಡುತ್ತಿದ್ದೆ. ಮೂಗಿಗೆ ಕೆಲಸ ಕೊಟ್ಟರೆ ನಾಯಿ ತಣ್ಣಗಾಗುತ್ತದೆ. ಗೋಣಿ ಖಾಲಿ ಮಾಡಿ, ಅದರ ಮೇಲೇ ಮಲಗಿ ಗೊರಕೆ ಹೊಡೆಯುತ್ತಿದ್ದ.

ಮಳೆ ಬಿಟ್ಟ ಮೇಲೆ ಅದೇ ಲ್ಯಾಬ್ರಡಾರ್ ಜೊತೆ ರಸ್ತೆಯ ಆಚೆ ಈಚೆ, ಒಂದೇ ದಿಕ್ಕಿಗೆ ನಡೆಸಲು ಶುರು ಮಾಡಿದೆವು. ಅಂತರವನ್ನು ಮೆಲ್ಲಗೆ ಕಡಿಮೆ ಮಾಡುತ್ತಾ ಬಂದು, ಈಗ ಪಕ್ಕಪಕ್ಕದಲ್ಲೇ ಹೋಗುತ್ತಾರೆ. ಮಾಂಸದಂಗಡಿ ಹಿಂದಿನ ಒಂದು ಕರಿ ನಾಯಿಯನ್ನು ಕಂಡರೆ ಮಾತ್ರ ಇವತ್ತಿಗೂ ಎಳೆಯುತ್ತಾನೆ. ಆ ಬೀದಿಗೆ ನಾವು ಹೋಗುವುದಿಲ್ಲ.